ಹದಿನೆಂಟು ಕಿಲೊ ಕ್ಯಾಮೆರಾ ಹೊತ್ತು ಹಿಮ ಹತ್ತಿದವನು

ಮ್ಯಾಟರ್‌ಹಾರ್ನ್ ಪರ್ವತದ ಹೆಸರು ಕೇಳದವರೂ ಅದರ ಚಿತ್ರವನ್ನು ಚಾಕೊಲೆಟ್ ಡಬ್ಬಿಯ ಮೇಲೋ ಕ್ಯಾಲೆಂಡರಿನಲ್ಲೋ ನೋಡಿರುತ್ತಾರೆ. ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಗಡಿಯಲ್ಲಿ 4,478 ಮೀಟರ್ ಎತ್ತರಕ್ಕೆ ನಿಂತಿರುವ, ಮೇಲೆ ಸ್ವಲ್ಪ ಸೊಟ್ಟಗಾದ ಕಲ್ಲಿನ ಗೋಪುರ ಅದು. 1865ರಲ್ಲಿ ಅದನ್ನು ಮೊದಲ ಸಲ ಹತ್ತಿದ ಏಳು ಮಂದಿಯಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ಅದು ಬೇಸಿಗೆಯ ಮಾತು. ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ಯೋಚನೆಯನ್ನೇ ಬಹಳ ಜನ ಹುಚ್ಚು ಅಂದುಕೊಂಡಿದ್ದ ಕಾಲದಲ್ಲಿ, 1882ರ ಮಾರ್ಚ್ 17ರಂದು ವಿಟ್ಟೋರಿಯೊ ಸೆಲ್ಲಾ ಎಂಬ ಹುಡುಗ ಇಟಲಿ ಕಡೆಯಿಂದ ಅದರ ನೆತ್ತಿ ತಲುಪಿ ಸ್ವಿಟ್ಜರ್ಲೆಂಡ್ ಕಡೆಗೆ ಇಳಿದ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಅಂದರೆ ನನಗಿಂತ ಎರಡೇ ವರ್ಷ ದೊಡ್ಡವನು.

ಹತ್ತುವುದರಲ್ಲಿ ಅವನಿಗಿಂತ ಗಟ್ಟಿಗರು ಆಗಲೂ ಇದ್ದರು. ಅವನಿಗೆ ದಾರಿ ತೋರಿಸಿದ ಜೀನ್ ಆಂಟೊಯಿನ್ ಕ್ಯಾರೆಲ್‌ನೇ ಅವನಿಗಿಂತ ದೊಡ್ಡ ಆರೋಹಿ. ಸೆಲ್ಲಾನನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಅವನು ಬೆನ್ನಿಗೆ ಹಾಕಿಕೊಂಡು ಹೋದ ಕ್ಯಾಮೆರಾದ ಕಾರಣಕ್ಕೆ. ಹಿಮದ ಮೇಲೆ ನಡೆಯುವ ಆಟ, ಸಾಹಸಗಳ ಫೋಟೊ ತೆಗೆಯುವುದು ಈಗ ಒಂದು ಉದ್ಯೋಗ. ಸ್ಕೀಯಿಂಗ್ ಪತ್ರಿಕೆಗಳಿವೆ, ಜಾಕೆಟ್, ಬೂಟು ಮಾರುವ ಕಂಪನಿಗಳಿವೆ, ಸಂಬಳ ಇದೆ. ಸೆಲ್ಲಾ ಈ ಕೆಲಸಕ್ಕೆ ಇಳಿದಾಗ ಇದ್ಯಾವುದೂ ಇರಲಿಲ್ಲ.

ಅವನು ಹುಟ್ಟಿದ್ದು 1859ರ ಆಗಸ್ಟ್ 28ರಂದು, ಉತ್ತರ ಇಟಲಿಯ ಬಿಯೆಲ್ಲಾ ಎಂಬ ಊರಿನಲ್ಲಿ. ಆಲ್ಪ್ಸ್ ಪರ್ವತದ ಬುಡದ ಊರು. ಉಣ್ಣೆ ಬಟ್ಟೆಯ ಗಿರಣಿಗಳಿಗೆ ಹೆಸರಾದದ್ದು. ಸೆಲ್ಲಾ ಮನೆತನದವರದೂ ಗಿರಣಿ ಇತ್ತು. ಅಪ್ಪ ಜುಸೆಪ್ಪೆ ವೆನಾಂಜಿಯೊ ಸೆಲ್ಲಾ ಬಟ್ಟೆಗೆ ಬಣ್ಣ ಹಾಕುವ ರಸಾಯನಶಾಸ್ತ್ರ ಬಲ್ಲವರು. ಮಗ ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ, 1856ರಲ್ಲಿ, ಫೋಟೊಗ್ರಫಿಯ ಬಗ್ಗೆ ಇಟಾಲಿಯನ್ ಭಾಷೆಯಲ್ಲಿ ಒಂದು ದೊಡ್ಡ ಕೈಪಿಡಿ ಬರೆದಿದ್ದರು. ಚಿಕ್ಕಪ್ಪ ಕ್ವಿಂಟಿನೊ ಸೆಲ್ಲಾ ದೇಶದ ಹಣಕಾಸು ಮಂತ್ರಿ. 1863ರಲ್ಲಿ ಇಟಲಿಯ ಆಲ್ಪೈನ್ ಕ್ಲಬ್ ಕಟ್ಟಿದವರು ಕೂಡ ಅವರೇ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಾಲೇಜಿಗೆ ಬರುವ ಮೋಟಿವೇಶನ್ ಭಾಷಣಕಾರರು ಇಂಥ ಕಥೆ ಸಿಕ್ಕರೆ ಅಪ್ಪನ ಗಿರಣಿ, ಚಿಕ್ಕಪ್ಪನ ಮಂತ್ರಿಗಿರಿ ಎರಡನ್ನೂ ಬಿಟ್ಟು ಹೇಳುತ್ತಾರೆ. ಕನಸಿನ ಬೆನ್ನು ಹತ್ತಿ, ದುಡ್ಡು ತಾನಾಗಿ ಬರುತ್ತದೆ ಅನ್ನುತ್ತಾರೆ. ಸೆಲ್ಲಾನ ಹತ್ತಿರ ದುಡ್ಡು ಮೊದಲೇ ಇತ್ತು. ಮನೆಯ ಆದಾಯ ಇಲ್ಲದಿದ್ದರೆ ಲಂಡನ್ನಿನಿಂದ ಕ್ಯಾಮೆರಾ ತರಿಸಲು, ಮಾರ್ಗದರ್ಶಕರಿಗೆ ದಿನಗೂಲಿ ಕೊಡಲು ಅವನಿಂದ ಆಗುತ್ತಿರಲಿಲ್ಲ. ಎಜುಕೇಶನ್ ಲೋನ್ ಕಂತು ಲೆಕ್ಕ ಹಾಕುತ್ತ ಕೂತಿರುವ ನಮ್ಮಂಥವರು ಇದನ್ನು ತಿಳಿದುಕೊಂಡೇ ಮುಂದೆ ಓದಬೇಕು. ಆದರೆ ಬಿಯೆಲ್ಲಾದಲ್ಲಿ ಗಿರಣಿ ಇದ್ದ ಮನೆಗಳು ಬೇಕಾದಷ್ಟಿದ್ದವು. ಆ ಮನೆಯ ಮಕ್ಕಳೆಲ್ಲ ಕಾಕಸಸ್‌ಗೆ ಹೋಗಲಿಲ್ಲ.

1876ರಲ್ಲಿ ಅಪ್ಪ ತೀರಿಕೊಂಡರು. ಸೆಲ್ಲಾನಿಗೆ ಹದಿನೇಳೂ ತುಂಬಿರಲಿಲ್ಲ. ಅಪ್ಪನ ಪುಸ್ತಕ ಇತ್ತು, ರಾಸಾಯನಿಕಗಳಿದ್ದವು. ಮೂರು ವರ್ಷದ ನಂತರ, 1879ರಲ್ಲಿ, ಊರಿನ ಹತ್ತಿರದ ಮೊಂತೆ ಮಾರ್ಸ್ ಎಂಬ ಬೆಟ್ಟದ ಮೇಲೆ ನಿಂತು ಸುತ್ತಲಿನ ಶಿಖರಗಳ ಪನೋರಮಾ ತೆಗೆದ. ಆಗ ಬಳಸಿದ್ದು ಒದ್ದೆ ಕೊಲೋಡಿಯನ್ ವಿಧಾನ. ನಾನು ಮೆಕ್ಯಾನಿಕಲ್ ವಿದ್ಯಾರ್ಥಿ, ಮೊದಲ ಸೆಮಿಸ್ಟರಿನ ಕೆಮಿಸ್ಟ್ರಿ ಲ್ಯಾಬ್ ಬಿಟ್ಟರೆ ರಸಾಯನಶಾಸ್ತ್ರದ ನಂಟು ಕಡಿಮೆ. ಆದರೂ ಈ ವಿಧಾನ ಓದಿ ಬೆರಗಾಯಿತು. ನೈಟ್ರಿಕ್ ಆಮ್ಲದಲ್ಲಿ ಪಳಗಿಸಿದ ಹತ್ತಿಯನ್ನು ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಬೇಕು. ಅಯೋಡೈಡ್ ಲವಣ ಸೇರಿಸಿದ ಆ ಅಂಟು ದ್ರವವನ್ನು ಗಾಜಿನ ಮೇಲೆ ಒಂದೇ ಸಮನಾಗಿ ಹರಿಯುವ ಹಾಗೆ ಸುರಿಯಬೇಕು. ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಒದ್ದೆ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಬೆಳಕು ಬಿಟ್ಟು, ಒಣಗುವುದರೊಳಗೆ ಡೆವಲಪ್ ಮಾಡಿ ಮುಗಿಸಬೇಕು. ಎಲ್ಲಕ್ಕೂ ಸಿಗುವ ಸಮಯ ಹತ್ತು ಹದಿನೈದು ನಿಮಿಷ. ಅದಕ್ಕೆ ಬೆಟ್ಟದ ತುದಿಯಲ್ಲೇ ಡಾರ್ಕ್‌ರೂಮ್ ಬೇಕು, ಅಂದರೆ ಬೆಳಕು ತೂರದ ಡೇರೆ. ಗಾಳಿ ಬೀಸಿ ಡೇರೆಯ ಬಟ್ಟೆ ಎದ್ದರೆ ಅಷ್ಟೂ ಕೆಲಸ ಹಾಳು.

ಅಷ್ಟರಲ್ಲಿ ಜೆಲಾಟಿನ್ ಲೇಪದ ಒಣ ಪ್ಲೇಟುಗಳು ಮಾರುಕಟ್ಟೆಗೆ ಬರತೊಡಗಿದವು. ಮೊದಲೇ ತಯಾರಾದ ಪ್ಲೇಟು, ಬೆಳಕು ಬಿಟ್ಟು ಮುಚ್ಚಿಟ್ಟರೆ ವಾರಗಳ ನಂತರ ಡೆವಲಪ್ ಮಾಡಿದರೂ ನಡೆಯುತ್ತದೆ. ಇದು ಬಂದಿಲ್ಲದಿದ್ದರೆ ಎತ್ತರದ ಹಿಮಪರ್ವತಗಳ ಫೋಟೊಗ್ರಫಿ ಎಂಬುದು ಬೆಳೆಯುವುದೇ ಕಷ್ಟವಿತ್ತು. ಸೆಲ್ಲಾ ಲಂಡನ್ನಿನ ಡಾಲ್‌ಮೇಯರ್ ಕಂಪನಿಯ ಕ್ಯಾಮೆರಾ ತರಿಸಿಕೊಂಡ. ಅದರ ಪ್ಲೇಟಿನ ಅಳತೆ 30 x 40 ಸೆಂಟಿಮೀಟರ್. ಹೆಚ್ಚುಕಡಿಮೆ ನಮ್ಮ ಎ3 ಹಾಳೆ. ಕ್ಯಾಮೆರಾದ ತೂಕ ಸುಮಾರು 18 ಕಿಲೊ, ಒಂದೊಂದು ಗಾಜಿನ ಪ್ಲೇಟು ಕಿಲೊ ಹತ್ತಿರ. ಹತ್ತು ಫೋಟೊ ತೆಗೆಯಬೇಕೆಂದರೆ ಇಪ್ಪತ್ತೇಳು ಕಿಲೊ ಹೊರೆ, ಟ್ರೈಪಾಡ್ ಬಿಟ್ಟು. ಕುಮಾರಪರ್ವತ ಟ್ರೆಕ್ಕಿಗೆ ಹೋದಾಗ ನಮ್ಮ ಗೆಳೆಯನೊಬ್ಬ ಒಂದೂವರೆ ಕಿಲೊ ಡಿಎಸ್‌ಎಲ್‌ಆರ್ ಅನ್ನು ಅರ್ಧ ದಾರಿಯಲ್ಲಿ ನನ್ನ ಬ್ಯಾಗಿಗೆ ತುರುಕಿದ್ದ. ಅಲ್ಲಿ ಹಿಮವೂ ಇರಲಿಲ್ಲ.

ಅಷ್ಟು ದೊಡ್ಡ ಪ್ಲೇಟು ಯಾಕೆ ಬೇಕಿತ್ತು ಅಂದರೆ, ಆಗಿನ ಒಳ್ಳೆಯ ಪ್ರಿಂಟುಗಳೆಲ್ಲ ನೆಗೆಟಿವ್ ಎಷ್ಟು ದೊಡ್ಡದೋ ಅಷ್ಟೇ ದೊಡ್ಡವು. ನೆಗೆಟಿವ್ ಅನ್ನು ಕಾಗದದ ಮೇಲೆ ಒತ್ತಿಟ್ಟು ಬೆಳಕು ಬಿಡುವುದು, ಅಷ್ಟೇ. ಹಿಮದ ಒಂದೊಂದು ಮಡಿಕೆ, ಒಂದೊಂದು ಬಿರುಕು ಕಾಣಬೇಕಾದರೆ ಪ್ಲೇಟು ದೊಡ್ಡದೇ ಆಗಬೇಕು. ತೂಕ ಕಡಿಮೆ ಮಾಡುವ ದಾರಿ ಇಲ್ಲದಿದ್ದಾಗ ಸೆಲ್ಲಾ ಹೊರುವ ದಾರಿಯನ್ನು ಸರಿಮಾಡಿದ. ಗಾಜು ಒಡೆಯದಂತೆ ಸಾಗಿಸಲು ಹೇಸರಗತ್ತೆಯ ಜೀನನ್ನೂ ಬೆನ್ನುಚೀಲವನ್ನೂ ತನಗೆ ಬೇಕಾದಂತೆ ಮಾರ್ಪಡಿಸಿಕೊಂಡ. ನನಗೆ ಅವನಲ್ಲಿ ಬಹಳ ಹಿಡಿಸಿದ್ದು ಈ ಗುಣ. ಕಲಾವಿದ ಅನ್ನಿಸಿಕೊಳ್ಳುವ ಮೊದಲು ಅವನೊಬ್ಬ ಒಳ್ಳೆಯ ಡಿಸೈನ್ ಎಂಜಿನಿಯರ್.

ಹಿಮದಲ್ಲಿ ಫೋಟೊ ತೆಗೆದವರಿಗೆ ಅದರ ಕಷ್ಟ ಗೊತ್ತಿರುತ್ತದೆ. ಬಿಳಿ ಹಿಮಕ್ಕೆ ಸರಿಯಾಗಿ ಬೆಳಕು ಬಿಟ್ಟರೆ ಮನುಷ್ಯರು, ಬಂಡೆಗಳು ಕಪ್ಪು ಮುದ್ದೆಯಾಗುತ್ತವೆ. ಬಂಡೆಗೆ ಸರಿಯಾಗಿ ಬಿಟ್ಟರೆ ಹಿಮ ಸುಣ್ಣ ಬಳಿದಂತೆ ಕಾಣುತ್ತದೆ. ಆ ಕಾಲದ ಪ್ಲೇಟುಗಳಿಗೆ ನೀಲಿ ಬೆಳಕೆಂದರೆ ವಿಪರೀತ ಸೂಕ್ಷ್ಮತೆ, ಆಕಾಶ ಬೆಳ್ಳಗಾಗಿ ಮೋಡ ಮಾಯವಾಗಿಬಿಡುತ್ತಿತ್ತು. ಕ್ಯಾಮೆರಾದ ಹಿಂದೆ ತೆರೆ ಇಲ್ಲ, ಬಂದಿತೋ ಇಲ್ಲವೋ ನೋಡುವಂತಿಲ್ಲ. ಸೂರ್ಯ ಓರೆಯಾಗಿ ಬಿದ್ದಾಗ ಮಾತ್ರ ಹಿಮದ ಉಬ್ಬುತಗ್ಗು ಎದ್ದು ಕಾಣುತ್ತದೆ. ಅಂದರೆ ಬೆಳಗಿನ ಜಾವಕ್ಕೋ ಸಂಜೆಗೋ ಎತ್ತರದ ಜಾಗದಲ್ಲಿರಬೇಕು, ಬೇರೆಯವರು ಡೇರೆಯಲ್ಲಿ ಕಾಲು ಬೆಚ್ಚಗೆ ಮಾಡಿಕೊಳ್ಳುವ ಹೊತ್ತಿಗೆ. ಸೆಲ್ಲಾನ ಚಿತ್ರಗಳಲ್ಲಿ ಆರೋಹಿಗಳು ಸಾಮಾನ್ಯವಾಗಿ ಚುಕ್ಕಿಗಳ ಹಾಗೆ ಇರುತ್ತಾರೆ. ಹಗ್ಗದಲ್ಲಿ ಸಾಲಾಗಿ ಕಟ್ಟಿಕೊಂಡ ನಾಲ್ಕೈದು ಚುಕ್ಕಿ, ಸುತ್ತ ಹಿಮದ ಸಮುದ್ರ. ಆ ಚುಕ್ಕಿ ಮನುಷ್ಯ ಎಂದು ಗೊತ್ತಾದ ಕ್ಷಣ ಬೆಟ್ಟದ ಗಾತ್ರ ನಮಗೆ ತಟ್ಟುತ್ತದೆ. ಈಗಿನ ಸ್ಕೀ ಫೋಟೊಗಳಲ್ಲೂ ಇದೇ ಉಪಾಯ ನಡೆಯುತ್ತಿದೆ.

ಮ್ಯಾಟರ್‌ಹಾರ್ನ್ ನಂತರ ಮೊಂತೆ ರೋಸಾ, ಲಿಸ್ಕಾಮ್‌ಗಳನ್ನೂ ಚಳಿಗಾಲದಲ್ಲೇ ಹತ್ತಿದ. 1888ರ ಜನವರಿಯಲ್ಲಿ ಮೋಂಟ್ ಬ್ಲಾಂಕ್ ಅನ್ನು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿದ.

ಅದೇ ವರ್ಷ ಆದ ಒಂದು ಘಟನೆಯನ್ನು ಓದಿದಾಗ ಈ ಕೆಲಸದ ಅಪಾಯ ನನಗೆ ಮನವರಿಕೆಯಾಯಿತು. ಇಂಗ್ಲೆಂಡಿನ ವಿಲಿಯಂ ಡಾಂಕಿನ್ ಆ ಕಾಲದ ಅತ್ಯುತ್ತಮ ಪರ್ವತ ಫೋಟೊಗ್ರಾಫರ್‌ಗಳಲ್ಲಿ ಒಬ್ಬ. 1888ರ ಬೇಸಿಗೆಯಲ್ಲಿ ಹೆನ್ರಿ ಫಾಕ್ಸ್ ಎಂಬ ಜೊತೆಗಾರ ಮತ್ತು ಇಬ್ಬರು ಸ್ವಿಸ್ ಮಾರ್ಗದರ್ಶಕರೊಂದಿಗೆ ರಷ್ಯಾ ಸಾಮ್ರಾಜ್ಯದ ಕಾಕಸಸ್ ಪರ್ವತಕ್ಕೆ ಹೋದವನು ವಾಪಸು ಬರಲಿಲ್ಲ. ಮರುವರ್ಷ ಹುಡುಕಲು ಹೋದವರಿಗೆ ಅವರು ಕೊನೆಯ ರಾತ್ರಿ ತಂಗಿದ್ದ ಜಾಗ ಸಿಕ್ಕಿತು, ಸಾಮಾನು ಅಲ್ಲೇ ಇತ್ತು, ಮನುಷ್ಯರಿರಲಿಲ್ಲ. ಸೆಲ್ಲಾ ತನ್ನ ಕ್ಯಾಮೆರಾ ಹೊತ್ತು ಕಾಕಸಸ್‌ಗೆ ಮೊದಲ ಸಲ ಹೊರಟದ್ದು ಅದೇ 1889ರಲ್ಲಿ. ಎಲ್ಬ್ರುಸ್ ಹತ್ತಿದ, ಯಾರೂ ತೆಗೆಯದಿದ್ದ ಶಿಖರಗಳ ಪನೋರಮಾ ತಂದ. 1890ರಲ್ಲಿ ಮತ್ತೆ ಹೋದ, 1896ರಲ್ಲಿ ಮೂರನೇ ಸಲ. ಬೆಟ್ಟದ ಜೊತೆಗೆ ಅಲ್ಲಿನ ಜನರನ್ನೂ, ಸ್ವಾನೆತಿ ಕಣಿವೆಯ ಎತ್ತರದ ಕಲ್ಲಿನ ಗೋಪುರದ ಮನೆಗಳನ್ನೂ ಚಿತ್ರಿಸಿದ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1890ರಲ್ಲೇ ಅವನಿಗೆ ಪುರಸ್ಕಾರ ಕೊಟ್ಟಿತು. ಭೂಪಟದಲ್ಲಿ ಖಾಲಿ ಇದ್ದ ಜಾಗಗಳನ್ನು ತುಂಬಲು ಅವನ ಚಿತ್ರಗಳು ನೆರವಾದವು. ಆ ಕಾಲಕ್ಕೆ ಒಳ್ಳೆಯ ಪರ್ವತ ಫೋಟೊ ಅಂದರೆ ಅದು ದತ್ತಾಂಶವೂ ಹೌದು.

ಅದೇ ವರ್ಷ, 1890ರ ಆಗಸ್ಟಿನಲ್ಲಿ, ಮೊದಲ ಚಳಿಗಾಲದಲ್ಲಿ ಅವನನ್ನು ಮ್ಯಾಟರ್‌ಹಾರ್ನ್ ಹತ್ತಿಸಿದ ಕ್ಯಾರೆಲ್ ಅದೇ ಬೆಟ್ಟದ ಬುಡದಲ್ಲಿ ತೀರಿಕೊಂಡ. ಬಿರುಗಾಳಿಯಲ್ಲಿ ಸಿಕ್ಕಿಕೊಂಡ ತನ್ನವರನ್ನು ಸುರಕ್ಷಿತವಾಗಿ ಕೆಳಗಿಳಿಸಿ, ಕೊನೆಗೆ ತಾನು ಸುಸ್ತಿನಿಂದ ಕುಸಿದ.

1897ರಲ್ಲಿ ಇಟಲಿಯ ರಾಜಮನೆತನದ ಲುಯಿಜಿ ಅಮೆದೆಯೊ, ಅಬ್ರೂಜಿಯ ಡ್ಯೂಕ್, ಅಲಾಸ್ಕಾದ ಸೇಂಟ್ ಎಲಿಯಾಸ್ ಪರ್ವತಕ್ಕೆ ತಂಡ ಕಟ್ಟಿದ. ಡ್ಯೂಕನಿಗೆ ಇಪ್ಪತ್ತನಾಲ್ಕು, ಸೆಲ್ಲಾನಿಗೆ ಮೂವತ್ತೇಳು. 5,489 ಮೀಟರ್ ಎತ್ತರದ ಈ ಬೆಟ್ಟ ಸಮುದ್ರದ ಪಕ್ಕದಲ್ಲೇ ಇದೆ. ಹಾಗಾಗಿ ಹತ್ತುವುದು ಸೊನ್ನೆಯಿಂದಲೇ ಶುರು. ಮಲಸ್ಪಿನಾ ಎಂಬ ವಿಶಾಲ ಹಿಮನದಿಯ ಮೇಲೆ ಸಾಮಾನನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ವಾರಗಟ್ಟಲೆ ನಡೆದರು. ಜುಲೈ 31ರಂದು ಹತ್ತೂ ಜನ ಇಟಾಲಿಯನ್ನರು ನೆತ್ತಿ ತಲುಪಿದರು. ಸೆಲ್ಲಾನ ಪ್ಲೇಟು ಹೊರುತ್ತಿದ್ದ ಸಹಾಯಕ ಎರ್ಮಿನಿಯೊ ಬೊಟ್ಟಾ ಕೂಡ ಅವರಲ್ಲಿದ್ದ. ಮುಂದಿನ ಪ್ರಯಾಣಗಳಲ್ಲೂ ಬೊಟ್ಟಾ ಜೊತೆಗಿದ್ದ. ಸೆಲ್ಲಾನ ಕೀರ್ತಿಯಲ್ಲಿ ಬೊಟ್ಟಾನ ಬೆನ್ನಿನ ಪಾಲು ದೊಡ್ಡದಿದೆ ಎಂದು ನನ್ನ ಲೆಕ್ಕ.

ಎರಡು ವರ್ಷದ ನಂತರ ಸೆಲ್ಲಾ ನಮ್ಮ ದೇಶಕ್ಕೆ ಬಂದ. ಇಂಗ್ಲಿಷ್ ಆರೋಹಿ ಡಗ್ಲಾಸ್ ಫ್ರೆಶ್‌ಫೀಲ್ಡ್ ಕಾಂಚನಜುಂಗಾವನ್ನು ಒಂದು ಸುತ್ತು ಹಾಕುವ ಯೋಜನೆ ಹಾಕಿದ್ದ. 8,586 ಮೀಟರಿನ ಆ ಬೆಟ್ಟ ಹತ್ತುವ ಮಾತು ಆಗ ಯಾರಿಗೂ ಇರಲಿಲ್ಲ, ಸುತ್ತಿ ಬಂದರೆ ಸಾಕಿತ್ತು. 1899ರ ಸೆಪ್ಟೆಂಬರ್ ಮೊದಲ ವಾರ ಡಾರ್ಜಿಲಿಂಗ್ ಬಿಟ್ಟರು. ಸೆಲ್ಲಾನ ತಮ್ಮ ಎರ್ಮಿನಿಯೊ, ಭೂವಿಜ್ಞಾನಿ ಗಾರ್‌ವುಡ್, ಜೊತೆಗೆ ಆ ದಾರಿಯನ್ನು ಮೊದಲೇ ಸರ್ವೆ ಮಾಡಿದ್ದ ಸಿಕ್ಕಿಂ ಕಡೆಯ ರಿಂಜಿನ್ ನಾಮಗ್ಯಾಲ್ ಇದ್ದರು. ಹೊರೆಗೆ ಬೆಟ್ಟದ ಜನ.

ತಿಂಗಳ ಕೊನೆಗೆ ಅವರು ಜೆಮು ಹಿಮನದಿಯ ಮೇಲಿದ್ದಾಗ ಬಂಗಾಳ ಕೊಲ್ಲಿಯಿಂದ ಬಂದ ಭಾರಿ ಮಳೆ ಆ ಪ್ರದೇಶವನ್ನು ಹೊಡೆಯಿತು. ಕೆಳಗೆ ಡಾರ್ಜಿಲಿಂಗ್‌ನಲ್ಲಿ ಗುಡ್ಡ ಕುಸಿದು ಹಲವರು ಸತ್ತರು. ಮೇಲೆ ಅದೇ ಮಳೆ ಹಿಮವಾಗಿ ಬಿತ್ತು. ಡೇರೆಗಳು ಹೂತುಹೋಗುವಷ್ಟು ಹಿಮ. ಆರೋಹಿಗಳ ಆಸೆಗಳೆಲ್ಲ ಅಲ್ಲಿಗೆ ಮುಗಿದವು. ಆದರೆ ಬಿರುಗಾಳಿ ನಿಂತ ಮೇಲೆ ಆಕಾಶ ಶುಭ್ರವಾಯಿತು. ಸುತ್ತಲಿನ ಶಿಖರಗಳೆಲ್ಲ ಹೊಸ ಹಿಮ ಹೊದ್ದು ನಿಂತಿದ್ದವು. ಸಿನಿಯೊಲ್ಚು ಎಂಬ ಬೆಟ್ಟವಂತೂ ಚಾಕುವಿನ ಅಲಗಿನ ಹಾಗೆ. ಸೆಲ್ಲಾ ಅಲ್ಲಿ ತೆಗೆದ ಸಿನಿಯೊಲ್ಚು ಚಿತ್ರ ನೋಡಿ. ಹಿಮದ ಗೋಡೆಯ ಮೇಲೆ ಕೊರೆದಂತಿರುವ ಸಣ್ಣ ಸಣ್ಣ ಗೆರೆಗಳು ಒಂದೊಂದೂ ಎಣಿಸುವಂತಿವೆ. ಬಣ್ಣವಿಲ್ಲ, ಫಿಲ್ಟರ್ ಆಟವಿಲ್ಲ. ನನ್ನ ಫೋನಿನಲ್ಲಿ ಐವತ್ತು ಮೆಗಾಪಿಕ್ಸೆಲ್ ಇದ್ದೂ ಅಂಥದ್ದೊಂದು ಬಂದಿಲ್ಲ. ಪರ್ವತಾರೋಹಣಕ್ಕೆ ಅಪಶಕುನವಾದ ಹಿಮ ಫೋಟೊಗ್ರಾಫರನಿಗೆ ವರವಾಯಿತು. ಒಂದೇ ತಂಡದಲ್ಲಿದ್ದರೂ ಇಬ್ಬರ ಲಾಭನಷ್ಟ ಬೇರೆಬೇರೆ.

ವರ ಅಂದೆನಲ್ಲ, ಅದೇ ಹಿಮದಲ್ಲೇ ಮುಂದೆ ನಡೆಯಬೇಕಿತ್ತು. ಆರು ಸಾವಿರ ಮೀಟರಿಗೂ ಎತ್ತರದ ಜೊಂಗ್‌ಸಾಂಗ್ ಕಣಿವೆದಾರಿಯನ್ನು ಕಾಲು ಹೂತುಕೊಳ್ಳುವ ಹಿಮದಲ್ಲೇ ದಾಟಿ, ಹೊರಗಿನವರಿಗೆ ಆಗ ಬಾಗಿಲು ಮುಚ್ಚಿದ್ದ ನೇಪಾಳಕ್ಕೆ ಇಳಿದರು. ಅಲ್ಲಿಂದ ಜನ್ನು ಪರ್ವತದ ಪಕ್ಕದಿಂದ ಡಾರ್ಜಿಲಿಂಗ್‌ಗೆ ವಾಪಸು. ಗಾಜಿನ ಪ್ಲೇಟುಗಳೂ ಅಷ್ಟು ದೂರ ಬಂದವು. ಫ್ರೆಶ್‌ಫೀಲ್ಡ್ 1903ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಅವೇ ಚಿತ್ರಗಳು.

1906ರಲ್ಲಿ ಡ್ಯೂಕನ ಜೊತೆ ಆಫ್ರಿಕಾದ ರುವೆಂಜೋರಿಗೆ ಹೋದ. ಭೂಮಧ್ಯರೇಖೆಯ ಹತ್ತಿರ ಇದ್ದೂ ಹಿಮ ಹೊತ್ತ ಬೆಟ್ಟ ಅದು. ಮಳೆ, ಮಂಜು, ಕೆಸರು, ಮರದೆತ್ತರ ಬೆಳೆಯುವ ಸೊಪ್ಪಿನ ಗಿಡಗಳು. ಕ್ಯಾಮೆರಾ ಒಣಗಿಸಿಕೊಳ್ಳುವುದೇ ಒಂದು ಕೆಲಸವಾಗಿರಬೇಕು.

ಅವನ ಜೀವನದ ದೊಡ್ಡ ಕೆಲಸ 1909ರದ್ದು. ಡ್ಯೂಕನಿಗೆ ಈ ಬಾರಿ ಕೆ2 ಬೇಕಿತ್ತು, 8,611 ಮೀಟರ್, ಜಗತ್ತಿನ ಎರಡನೇ ಎತ್ತರದ ಶಿಖರ. ಹಡಗಿನಲ್ಲಿ ಬಾಂಬೆಗೆ ಬಂದು, ರೈಲಿನಲ್ಲಿ ರಾವಲ್ಪಿಂಡಿ, ಅಲ್ಲಿಂದ ಶ್ರೀನಗರ, ಹಿಮ ತುಂಬಿದ ಜೋಜಿ ಲಾ, ಸ್ಕರ್ದು, ಕೊನೆಯ ಹಳ್ಳಿ ಅಸ್ಕೋಲೆ. ಆಮೇಲೆ ಅರವತ್ತು ಕಿಲೊಮೀಟರಿಗೂ ಉದ್ದದ ಬಾಲ್ಟೊರೊ ಹಿಮನದಿ. ನೂರಾರು ಬಾಲ್ಟಿ ಹೊರೆಯಾಳುಗಳು ಕಲ್ಲು ಮತ್ತು ಮಂಜುಗಡ್ಡೆಯ ಮೇಲೆ ಸಾಮಾನು ಸಾಗಿಸಿದರು. ಸೆಲ್ಲಾ ಐವತ್ತರ ಹೊಸ್ತಿಲಲ್ಲಿದ್ದ.

ಡ್ಯೂಕ್ ಕೆ2ರ ಆಗ್ನೇಯ ಏಣು ಹಿಡಿದು ಸ್ವಲ್ಪ ದೂರ ಹೋಗಿ ಹಿಂತಿರುಗಿದ. ಬೇರೆ ಕಡೆಗಳಿಂದಲೂ ದಾರಿ ಕಾಣಲಿಲ್ಲ. ಕೊನೆಗೆ ಚೊಗೋಲಿಸಾ ಎಂಬ ಪಕ್ಕದ ಶಿಖರದಲ್ಲಿ ಸುಮಾರು 7,500 ಮೀಟರ್ ತನಕ ಏರಿದ. ಅದು ಆಗಿನ ಜಾಗತಿಕ ದಾಖಲೆ, ಆದರೂ ನೆತ್ತಿ ಸಿಗಲಿಲ್ಲ. ಹತ್ತುವವರ ಲೆಕ್ಕದಲ್ಲಿ ಆ ಪ್ರಯಾಣ ಸೋಲು.

ಸೆಲ್ಲಾ ಆ ತಿಂಗಳುಗಳಲ್ಲಿ ಮೋಡ ಸರಿಯುವುದನ್ನು ಕಾಯುತ್ತ ಒಂದೊಂದು ಎತ್ತರದಿಂದ ಪನೋರಮಾ ತೆಗೆದ. ಟ್ರೈಪಾಡನ್ನು ಸಮತಟ್ಟಾಗಿ ನಿಲ್ಲಿಸಿ, ಒಂದು ಪ್ಲೇಟು ತೆಗೆದು, ಕ್ಯಾಮೆರಾವನ್ನು ಅಂಚುಗಳು ಒಂದರ ಮೇಲೊಂದು ಬರುವಷ್ಟು ತಿರುಗಿಸಿ ಇನ್ನೊಂದು, ಹೀಗೆ ಸಾಲುಸಾಲು. ಎಲ್ಲ ಮುಗಿಯುವವರೆಗೆ ಬೆಳಕು ಬದಲಾಗಬಾರದು, ಮೋಡ ಬರಬಾರದು. ಮೊದಲ ಪ್ಲೇಟಿಗೂ ಕೊನೆಯದಕ್ಕೂ ಬೆಳಕು ಒಂದೇ ಇಲ್ಲದಿದ್ದರೆ ಜೋಡಣೆ ಕಾಣಿಸಿಬಿಡುತ್ತದೆ. ನಮ್ಮ ಫೋನು ಮೂರು ಸೆಕೆಂಡಿನಲ್ಲಿ ಮಾಡುವ ಇದೇ ಕೆಲಸಕ್ಕೆ ಅವನು ಹಿಮದ ಮೇಲೆ ಗಂಟೆಗಟ್ಟಲೆ ನಿಲ್ಲಬೇಕಿತ್ತು, ಕೈಗವಸು ತೆಗೆದು. ಲೋಹಕ್ಕೆ ಬೆರಳು ಅಂಟುವ ಚಳಿ. ರಾತ್ರಿ ಕತ್ತಲಲ್ಲಿ ಪ್ಲೇಟು ಬದಲಿಸಬೇಕು. ಕೆ2ರ ಈಶಾನ್ಯಕ್ಕೆ ಅವನು ನಿಂತು ಚಿತ್ರ ತೆಗೆದ ತಗ್ಗಿಗೆ ಈಗಲೂ ಅವನದೇ ಹೆಸರಿದೆ.

ಆಮೇಲಿನ ಮೂವತ್ತು ವರ್ಷಗಳಲ್ಲಿ ಅಂಥ ದೂರದ ಪ್ರಯಾಣಗಳಿಲ್ಲ. ಅವನ ಚಿತ್ರಗಳು ಮಾತ್ರ ತಿರುಗಾಡುತ್ತಿದ್ದವು. ಅಮೆರಿಕದ ಪ್ರಸಿದ್ಧ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಅವನನ್ನು ಗುರುಸಮಾನ ಎಂದು ಕಂಡು ಲೇಖನ ಬರೆದರು. 1935ರಲ್ಲಿ, ಎಪ್ಪತ್ತಾರನೇ ವಯಸ್ಸಿನಲ್ಲಿ, ಸೆಲ್ಲಾ ಮತ್ತೆ ಮ್ಯಾಟರ್‌ಹಾರ್ನ್ ಹತ್ತಲು ಹೊರಟ. ಒಬ್ಬ ಮಾರ್ಗದರ್ಶಕನಿಗೆ ಪೆಟ್ಟಾಗಿದ್ದರಿಂದ ಅರ್ಧದಲ್ಲೇ ಇಳಿದು ಬರಬೇಕಾಯಿತು. 1943ರ ಆಗಸ್ಟ್ 12ರಂದು, ಯುದ್ಧದ ನಡುವೆ, ಬಿಯೆಲ್ಲಾದಲ್ಲೇ ತೀರಿಕೊಂಡ. ಕೆ2ರ ನೆತ್ತಿಯನ್ನು ಇಟಲಿಯವರೇ ಆದ ಲಾಚೆದೆಲ್ಲಿ ಮತ್ತು ಕೊಂಪಾನ್ಯೋನಿ ಮುಟ್ಟಿದ್ದು 1954ರ ಜುಲೈ 31ರಂದು, ಡ್ಯೂಕ್ ಬಿಟ್ಟು ಬಂದ ಅದೇ ಏಣಿನ ದಾರಿಯಲ್ಲಿ.

ಸೆಲ್ಲಾನ ಗಾಜಿನ ಪ್ಲೇಟುಗಳು ಬಿಯೆಲ್ಲಾದ ಸೆಲ್ಲಾ ಪ್ರತಿಷ್ಠಾನದಲ್ಲಿವೆ. ಫಾಬಿಯಾನೊ ವೆಂಚುರಾ ಎಂಬ ಇಟಲಿಯ ಫೋಟೊಗ್ರಾಫರ್ 2009ರಲ್ಲಿ ಕಾರಕೋರಂ, 2011ರಲ್ಲಿ ಕಾಕಸಸ್, 2013ರಲ್ಲಿ ಅಲಾಸ್ಕಾಕ್ಕೆ ವಿಜ್ಞಾನಿಗಳ ಜೊತೆ ಹೋಗಿ, ಸೆಲ್ಲಾ ಮತ್ತು ಅವನಂಥ ಹಳಬರು ಟ್ರೈಪಾಡ್ ಊರಿದ್ದ ಜಾಗಗಳನ್ನು ಹುಡುಕಿ ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಕಾಕಸಸ್‌ನ ಹಳೆಯ ಚಿತ್ರದಲ್ಲಿ ಹಿಮನದಿ ಇದ್ದ ಕಡೆ ಹೊಸದರಲ್ಲಿ ಬರೀ ಕಲ್ಲು, ಮಣ್ಣು, ಕೆಲವು ಕಡೆ ಗಿಡಗಳು. ಕಾರಕೋರಂನದು ಬೇರೆ ಕಥೆ. ಅಲ್ಲಿನ ಹಿಮನದಿಗಳು ಜಗತ್ತಿನ ಬೇರೆ ಕಡೆಗಳಷ್ಟು ಕರಗಿಲ್ಲ, ವಿಜ್ಞಾನಿಗಳು ಇದಕ್ಕೆ ಕಾರಣ ಹುಡುಕುತ್ತಲೇ ಇದ್ದಾರೆ. ನೂರು ವರ್ಷದ ಅಂತರದ ಎರಡು ಬಾಲ್ಟೊರೊ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಯಾವುದು ಸೆಲ್ಲಾನದು ಎಂದು ಹೇಳಲು ತುಸು ಹೊತ್ತು ಬೇಕಾಗುತ್ತದೆ.